ಹತ್ತು ಕುರಿಗಳು, ಹದಿಮೂರು ಎಣಿಕೆ

ನಮ್ಮ ತರಗತಿಯ ಕಪಾಟಿನ ತೀರ ಕೆಳಗಿನ ಅಂತಸ್ತಿನಲ್ಲಿ, ಮೂರು ವರ್ಷದ ಮಗುವಿನ ಕೈಗೆ ಎಟಕುವಂತೆ, ಒಂದು ಬೆತ್ತದ ಬುಟ್ಟಿ ಇರುತ್ತದೆ. ಅದರೊಳಗೆ ಹತ್ತು ಮರದ ಕುರಿಗಳಿವೆ. ನಮ್ಮ ಕ್ರೈಸ್ತ ಸಭೆಯ ಹಿರಿಯ ಬಡಗಿಯೊಬ್ಬರು ಹಲಸಿನ ಹಲಗೆಯ ತುಂಡುಗಳಲ್ಲಿ ಅವನ್ನು ಕೊರೆದುಕೊಟ್ಟು ಎಂಟು ವರ್ಷವಾಯಿತು. ಮೊದಲು ಅರಿಶಿನದಂತೆ ಹಳದಿಯಾಗಿದ್ದ ಮರ, ಇಷ್ಟು ವರ್ಷ ಮಕ್ಕಳ ಕೈಯ ಬೆವರು, ತಲೆಯ ಎಣ್ಣೆ ತಾಗಿ ಈಗ ಕಂದು ಬಣ್ಣಕ್ಕೆ ತಿರುಗಿದೆ. ಕಳೆದ ಜುಲೈ ತಿಂಗಳ ಒಂದು ಬೆಳಿಗ್ಗೆ, ಹಂಚಿನ ಮೇಲೆ ಮಳೆ ಸುರಿಯುತ್ತಿದ್ದ ಸದ್ದಿನಲ್ಲಿ ಯಾರ ಮಾತೂ ಸರಿಯಾಗಿ ಕೇಳಿಸದಿದ್ದಾಗ, ನಾಲ್ಕು ವರ್ಷ ತುಂಬಿದ್ದ ಹುಡುಗನೊಬ್ಬ ಆ ಬುಟ್ಟಿಯನ್ನು ಚಾಪೆಯ ಮೇಲೆ ಬೋರಲು ಹಾಕಿ, ಕುರಿಗಳನ್ನು ಸಾಲಾಗಿ ನಿಲ್ಲಿಸಿ ಎಣಿಸತೊಡಗಿದ. ಅವನು ನೂರರವರೆಗೆ ಒಂದೂ ತಪ್ಪಿಲ್ಲದೆ ಹೇಳಬಲ್ಲ ಹುಡುಗ. ಅವನನ್ನು ಸೇರಿಸಲು ಬಂದ ದಿನ ಅಜ್ಜಿ ಅದನ್ನು ಹೇಳಿಸಿ ತೋರಿಸಿದ್ದರು. ಆದರೆ ಕುರಿಗಳ ಮುಂದೆ ಅವನ ನಾಲಿಗೆ ಮುಂದೆ ಓಡಿತು, ಬೆರಳು ಹಿಂದೆ ಉಳಿಯಿತು. ಹತ್ತು ಕುರಿಗಳು ಮುಗಿಯುವಷ್ಟರಲ್ಲಿ ಅವನ ಎಣಿಕೆ ಹದಿಮೂರಕ್ಕೆ ಬಂದು ನಿಂತಿತ್ತು. ಇನ್ನೊಮ್ಮೆ ಎಣಿಸಿದಾಗ ಹನ್ನೊಂದಾಯಿತು. "ಹಾಗಾದರೆ ಎಷ್ಟು ಕುರಿ ಇವೆ?" ಎಂದು ನಾನು ಕೇಳಿದೆ. ಅವನು ಉತ್ತರ ಕೊಡುವ ಬದಲು ಮತ್ತೆ "ಒಂದು, ಎರಡು" ಎಂದು ಆರಂಭಿಸಿದ.

ಶಿಶು ಶಿಕ್ಷಣದಲ್ಲಿ ಕೆಲಸ ಮಾಡುವವರಿಗೆಲ್ಲ ಪರಿಚಿತವಾದ ನೋಟವಿದು. ಸಂಖ್ಯೆಗಳ ಹೆಸರನ್ನು ಸರಣಿಯಾಗಿ ಹೇಳುವುದು ಒಂದು ಕಲಿಕೆ. ಒಂದು ವಸ್ತುವಿಗೆ ಒಂದೇ ಹೆಸರನ್ನು ಕೊಡುವುದು ಎರಡನೆಯದು. ಕೊನೆಗೆ ಹೇಳಿದ ಹೆಸರೇ ಇಡೀ ಗುಂಪಿನ ಲೆಕ್ಕ ಎಂದು ತಿಳಿಯುವುದು ಮೂರನೆಯದು ಮತ್ತು ಎಲ್ಲಕ್ಕಿಂತ ಕಷ್ಟದ್ದು. ಮೊದಲನೆಯದನ್ನು ಬಾಯಿಪಾಠ ಮಾಡಿಸಬಹುದು. ಉಳಿದೆರಡನ್ನು ಯಾರೂ ಮಗುವಿಗೆ ಹೇಳಿಕೊಡಲಾರರು. ಅದು ಬೆರಳಿನ ಮೂಲಕ, ಹತ್ತಾರು ಸಲ ತಪ್ಪಿ, ತಾನಾಗಿಯೇ ಬರಬೇಕು. ನನಗೆ ಈ ಸಂಗತಿ ಅಂಕಿಗಳ ವಿಷಯದಲ್ಲಿ ಬೇಗ ಅರ್ಥವಾಯಿತು. ಪ್ರಾರ್ಥನೆಯ ವಿಷಯದಲ್ಲಿಯೂ ಹಾಗೆಯೇ ಎಂಬುದು ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ನಾನು ಪಾಠ ಮಾಡುವುದು ಮಂಗಳೂರಿನ ಹೊರವಲಯದಲ್ಲಿ, ಕ್ರೈಸ್ತ ದೇವಾಲಯದ ಆವರಣದೊಳಗೇ ಇರುವ ಒಂದು ಸಣ್ಣ ಬಾಲವಾಡಿಯಲ್ಲಿ. ಕಳೆದ ಸಾಲಿನಲ್ಲಿ ಇಪ್ಪತ್ತೆರಡು ಮಕ್ಕಳಿದ್ದರು. ಅವರಲ್ಲಿ ಕ್ರೈಸ್ತರ ಮನೆಯವರು ಐದೇ ಮಂದಿ. ಉಳಿದವರು ಸುತ್ತಮುತ್ತಲಿನ ಹಿಂದೂ, ಮುಸ್ಲಿಂ ಮನೆಗಳಿಂದ ಬರುತ್ತಾರೆ. ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಂದು ನಾಲ್ಕು ಬಗೆ. ತಂದೆತಾಯಂದಿರು ಇಲ್ಲಿಗೆ ಕಳುಹಿಸುವುದು ಯೇಸುವಿನ ಕಥೆ ಕೇಳಲಿ ಎಂದೇನಲ್ಲ. ಮನೆಗೆ ಹತ್ತಿರವಿದೆ, ಶುಲ್ಕ ಕಡಿಮೆ, ಟೀಚರ್ ಹೊಡೆಯುವುದಿಲ್ಲ ಎಂಬ ಕಾರಣಗಳಿಗೆ. ಇದನ್ನು ನಾನು ಬೇಸರದಿಂದ ಹೇಳುತ್ತಿಲ್ಲ. ನಮ್ಮ ಸಂವಿಧಾನದ 28ನೆಯ ವಿಧಿ, ಸರ್ಕಾರದ ಮಾನ್ಯತೆಯನ್ನಾಗಲಿ ಅನುದಾನವನ್ನಾಗಲಿ ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಯಲ್ಲಿ ಅಥವಾ ಆರಾಧನೆಯಲ್ಲಿ ಭಾಗವಹಿಸುವಂತೆ ಕಡ್ಡಾಯಪಡಿಸಬಾರದು ಎನ್ನುತ್ತದೆ. ನಾವು ಸೇರಿಸಿಕೊಳ್ಳುವಾಗ ಬೆಳಗಿನ ಹಾಡು, ಊಟದ ಮುಂಚಿನ ಪ್ರಾರ್ಥನೆ, ವಾರಕ್ಕೊಂದು ಬೈಬಲ್ ಕಥೆ ಇರುತ್ತದೆಂದು ವಿವರಿಸಿ ಒಪ್ಪಿಗೆ ಕೇಳುತ್ತೇವೆ. ಆದರೆ ಕಾನೂನಿಗಿಂತ ಕಟ್ಟುನಿಟ್ಟಾದ ಒಂದು ಅಳತೆಯನ್ನು ನನಗೆ ನಾನೇ ಇಟ್ಟುಕೊಂಡಿದ್ದೇನೆ. ಜೂನ್ ತಿಂಗಳಲ್ಲಿ, ಮೊಮ್ಮಗಳು ಅಳುತ್ತಾಳೆಂದು ಜಗಲಿಯಲ್ಲಿ ಕುಳಿತೇ ಇರುವ ಮುಸ್ಲಿಂ ಅಜ್ಜಿಯೊಬ್ಬರು ಒಳಗಿನ ಪ್ರಾರ್ಥನೆಯನ್ನು ಕೇಳಿ ಮುಜುಗರಪಡದೆ ಕುಳಿತಿರಬಲ್ಲರೇ? ಕುಳಿತಿರಬಲ್ಲರಾದರೆ ಆ ಪ್ರಾರ್ಥನೆ ಮಕ್ಕಳಿಗೂ ತಕ್ಕದ್ದಾಗಿರುತ್ತದೆ.

ಇನ್ನು ಭಾಷೆಯ ಮಾತು. ಕುರಿಗಳ ಬುಟ್ಟಿಯನ್ನು ಮೊದಲ ಸಲ ತೆರೆದಾಗ ಅರ್ಧ ತರಗತಿ "ಏಡ್, ಏಡ್" ಎಂದು ಕೂಗಿತು. ತುಳುವಿನಲ್ಲಿ ಏಡ್ ಎಂದರೆ ಆಡು. ಕರಾವಳಿಯ ಮಳೆಗೆ ಉಣ್ಣೆಯ ಕುರಿ ಒಗ್ಗುವುದಿಲ್ಲ. ಕುರಿ ಹಿಂಡನ್ನು ಕಂಡ ಮಗು ನಮ್ಮಲ್ಲಿ ಒಂದೂ ಇಲ್ಲ, ಆಡನ್ನು ಕಾಣದ ಮಗುವೂ ಇಲ್ಲ. ಕುರಿಯನ್ನೂ ಆಡನ್ನೂ ಬೇರ್ಪಡಿಸುವ ಒಂದು ಗಂಭೀರ ಪ್ರಸಂಗ ಸುವಾರ್ತೆಯಲ್ಲಿಯೇ ಇರುವುದನ್ನು ನೆನೆದು ನನಗೆ ಒಳಗೊಳಗೇ ನಗು ಬಂದಿತ್ತು. ಕೊನೆಗೆ ನಾನು ತಿದ್ದಲಿಲ್ಲ. ಎರಡು ತಿಂಗಳು ಅವು ಏಡ್‌ಗಳಾಗಿಯೇ ಇದ್ದವು. ಬಯಲುಸೀಮೆಯಿಂದ ಕೆಲಸಕ್ಕೆಂದು ಬಂದ ಕುಟುಂಬವೊಂದರ ಹುಡುಗಿ ಸೆಪ್ಟೆಂಬರಿನಲ್ಲಿ ಸೇರಿಕೊಂಡವಳು ಒಂದನ್ನು ಎತ್ತಿ ನೋಡಿ, "ಇದು ಕುರಿಮರಿ, ನಮ್ಮೂರಾಗ ಅದಾವ" ಎಂದು ಅಧಿಕಾರವಾಣಿಯಿಂದ ಹೇಳಿದ ಮೇಲೆ ಅವು ಕುರಿಗಳಾದವು. ಟೀಚರ್ ಹೇಳಿದ್ದಕ್ಕಿಂತ ಜೊತೆಗಾತಿ ಹೇಳಿದ್ದು ಗಟ್ಟಿ.

ಇದಕ್ಕಿಂತ ತೊಡಕಿನದು ತಂದೆ ಎಂಬ ಶಬ್ದ. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಆ ಶಬ್ದವನ್ನೇ ಹಿಡಿದು ನಿಂತಿದೆ. ಆದರೆ ಮೂರು ವರ್ಷದ ಯಾವ ಮಗುವೂ ಮನೆಯಲ್ಲಿ ಯಾರನ್ನೂ ತಂದೆ ಎಂದು ಕರೆಯುವುದಿಲ್ಲ. ಅದು ಪುಸ್ತಕದ ಮಾತು. ಸುಲಭವಾಗಲೆಂದು ನಾನು "ದೇವರು ನಮ್ಮೆಲ್ಲರ ಅಪ್ಪ" ಎಂದು ಹೇಳಿಕೊಡುತ್ತಿದ್ದೆ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಪಟ್ಟಣದ ಮನೆಗಳಲ್ಲಿ ಈಗ ಅಮ್ಮ, ಪಪ್ಪ ಬಂದಿರಬಹುದು. ಅಜ್ಜಿಯ ಮಡಿಲಲ್ಲಿ ಬೆಳೆದ ಮಗುವಿಗೆ ಹಳೆಯ ಶಬ್ದಗಳೇ ಮೊದಲು ಬರುತ್ತವೆ. ಅಂಥ ಒಂದು ಹುಡುಗಿ, ದೇವರ ಚಿತ್ರ ಬರೆ ಎಂದು ನಾನು ಹೇಳದಿದ್ದರೂ ತಾನಾಗಿಯೇ ಬರೆದು ತಂದಳು: ದೊಡ್ಡದೊಂದು ವೃತ್ತ, ಎರಡು ಕಾಲು, ಮೇಲೆ ಜಡೆ, ಜಡೆಗೆ ಹೂವು. ದೇವರು ಎಲ್ಲರ ಅಪ್ಪೆ ಎಂದು ಅವಳು ಕೇಳಿಸಿಕೊಂಡಿದ್ದಳು. ಅದನ್ನು ತಪ್ಪೆಂದು ಹೇಳುವ ಧೈರ್ಯ ನನಗಾಗಲಿಲ್ಲ. ನಮ್ಮ ಪಾದ್ರಿಗಳಾದ ಸಭಾಪಾಲಕರಿಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, ಕಚೇರಿಯ ಗೋಡೆಗೆ ಅಂಟಿಸಿಕೊಂಡರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಇಲ್ಲಿನ ಜನರ ಮಾತನ್ನು ಕಲಿಯದೆ ಒಂದಕ್ಷರವನ್ನೂ ಕಲಿಸಲಾಗದೆಂದು ಕಂಡುಕೊಂಡವರು. ಅದೇ ಮಿಷನ್ನಿನ ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ, ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಇದೇ ಊರಿನಲ್ಲಿ ಅಚ್ಚಾದವು. ಅಷ್ಟೆಲ್ಲ ಪರಂಪರೆಯ ನೆರಳಲ್ಲಿ ಕುಳಿತು, ಅಪ್ಪ ಮತ್ತು ಅಪ್ಪೆಯ ವ್ಯತ್ಯಾಸವನ್ನು ಯೋಚಿಸದೆ ಹಲವು ವರ್ಷ ಪಾಠ ಮಾಡಿದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಈಗ ಮೊದಲ ಎರಡು ತಿಂಗಳು ಪ್ರತಿ ಮಗುವಿನ ಮನೆಯಲ್ಲಿ ಯಾರನ್ನು ಏನೆಂದು ಕರೆಯುತ್ತಾರೆಂದು ಬರೆದಿಟ್ಟುಕೊಳ್ಳುತ್ತೇನೆ.

ಪೋಷಕರ ಸಭೆಯಲ್ಲಿ ಏಳುವ ಪ್ರಶ್ನೆ ಮಾತ್ರ ಇದಾವುದರದ್ದೂ ಅಲ್ಲ. "ಟೀಚರ್, ಬರೆಸುವುದು ಯಾವಾಗ?" ಎಂಬುದೊಂದೇ. ಪಕ್ಕದ ಕಾನ್ವೆಂಟಿನಲ್ಲಿ ಎಲ್‌ಕೆಜಿಯ ಮಕ್ಕಳು ಎಬಿಸಿಡಿಯನ್ನು ನಾಲ್ಕು ಗೆರೆಯ ಪುಸ್ತಕದಲ್ಲಿ ಬರೆಯುತ್ತಾರೆ, ನಮ್ಮವರು ಮಣ್ಣು ಕಲಸುತ್ತಾರೆ ಎಂಬ ಆತಂಕ. ಇದಕ್ಕೆ ನಾನು ಕೊಡುವ ಉತ್ತರ ಮಣಿಕಟ್ಟಿನದು. ಹುಟ್ಟಿದ ಮಗುವಿನ ಮಣಿಕಟ್ಟಿನಲ್ಲಿ ಇರಬೇಕಾದ ಎಂಟು ಸಣ್ಣ ಮೂಳೆಗಳು ಇನ್ನೂ ಮೂಳೆಗಳಾಗಿರುವುದಿಲ್ಲ, ಮೃದ್ವಸ್ಥಿಯಾಗಿರುತ್ತವೆ. ಅವು ಒಂದೊಂದಾಗಿ ಗಟ್ಟಿಯಾಗುತ್ತ ಹೋಗಿ, ಮೂರು ನಾಲ್ಕನೆಯ ವಯಸ್ಸಿಗೆ ಮೂರು ನಾಲ್ಕು ಮಾತ್ರ ಮೂಳೆಯಾಗಿರುತ್ತವೆ. ಎಂಟೂ ಪೂರ್ಣಗೊಳ್ಳಲು ಒಂಬತ್ತು, ಹತ್ತು, ಕೆಲವರಲ್ಲಿ ಹನ್ನೆರಡು ವರ್ಷವೂ ಆಗುತ್ತದೆ. ಅಂಥ ಕೈಗೆ ಪೆನ್ಸಿಲು ಕೊಟ್ಟು ಪುಟಗಟ್ಟಲೆ ತಿದ್ದಿಸಿದರೆ ಮಗು ಭುಜದಿಂದ ಬರೆಯಲು ಕಲಿಯುತ್ತದೆ, ಬೆರಳಿನಿಂದಲ್ಲ. ಸಾಮಾನ್ಯವಾಗಿ ಮೂರು ವರ್ಷಕ್ಕೆ ವೃತ್ತ, ನಾಲ್ಕರ ಹೊತ್ತಿಗೆ ಅಡ್ಡಗೆರೆ ಉದ್ದಗೆರೆ ಕೂಡಿದ ಶಿಲುಬೆಯಾಕಾರ, ಆಮೇಲೆ ಚೌಕ, ಐದರ ಸುಮಾರಿಗೆ ತ್ರಿಕೋನ: ಮಗುವಿನ ಕೈ ಆಕಾರಗಳನ್ನು ನೋಡಿ ಬರೆಯುವ ಕ್ರಮ ಇದು. ಕನ್ನಡದ ಅಕ್ಷರಗಳಂತೂ ಬಳ್ಳಿ ಸುತ್ತಿದ ಹಾಗೆ ಬಾಗುವಂಥವು. ಅವುಗಳಿಗೆ ಬೇಕಾದ ತಿರುವು ರೊಟ್ಟಿ ಹಿಟ್ಟನ್ನು ನಾದುವುದರಲ್ಲಿ, ಒದ್ದೆ ಬಟ್ಟೆ ಹಿಂಡುವುದರಲ್ಲಿ, ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸುವುದರಲ್ಲಿ ಮೊದಲು ಬರಬೇಕು. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಸಹ ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸುವುದಕ್ಕೆ ಕಾರಣ ಬರವಣಿಗೆಯ ಸುಲಭವೇ. ಅದೂ ಒಂದನೆಯ ತರಗತಿಯಲ್ಲಿ! ನಾವು ಮೂರು ವರ್ಷದವರಿಗೆ ಅಷ್ಟು ಕೂಡ ಕರುಣೆ ತೋರಿಸುವುದಿಲ್ಲ.

ಎಲ್ಲ ಪೋಷಕರೂ ಒಪ್ಪುತ್ತಾರೆಂದು ಹೇಳಿದರೆ ಸುಳ್ಳಾದೀತು. ಪ್ರತಿ ವರ್ಷ ಎರಡು ಮೂರು ಮಕ್ಕಳು ದಸರಾ ರಜೆಯ ನಂತರ ಬೇರೆ ಕಡೆಗೆ ಹೋಗುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ ಆಟಕ್ಕೆ ಆದ್ಯತೆ ಕೊಟ್ಟಿದೆ. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವೂ ನಮ್ಮ ರಾಜ್ಯದಲ್ಲಿ ಬಂದು, 2025-26ರ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲವಾಯಿತು. ಆ ಏಳು ತಿಂಗಳಿಗಾಗಿ ನಡೆದ ಓಡಾಟವನ್ನು ನೋಡಿದವರಿಗೆ, ಮಗುವಿನ ಮಣಿಕಟ್ಟಿನ ಬಗ್ಗೆ ಯಾರಿಗೂ ಬಿಡುವಿಲ್ಲ ಎಂಬುದು ತಿಳಿದಿರುತ್ತದೆ.

ಪೋಷಕರನ್ನು ದೂರುವ ಹಕ್ಕು ನನಗೆ ಪೂರ್ತಿಯಾಗಿ ಇಲ್ಲ. ಹದಿನಾಲ್ಕು ವರ್ಷಗಳ ಹಿಂದೆ, ಇಲ್ಲಿಗೆ ಬರುವ ಮೊದಲು, ಬೇರೊಂದು ಶಾಲೆಯಲ್ಲಿ ನಾನು ಹೊಸಬಳಾಗಿದ್ದಾಗ ಕ್ರಿಸ್‌ಮಸ್ ಕಾರ್ಯಕ್ರಮದ ಹೊಣೆ ನನ್ನ ಮೇಲೆ ಬಿದ್ದಿತ್ತು. ಮೂರೂವರೆ ವರ್ಷದ ಹುಡುಗನೊಬ್ಬನಿಗೆ ದೇವದೂತನ ವೇಷ. ಹೇಳಬೇಕಾದದ್ದು ಕುರುಬರಿಗೆ ದೂತನು ಕೊಡುವ ಸಮಾಚಾರದ ಎರಡು ಸಾಲು. ಒಂದು ತಿಂಗಳು ದಿನವೂ ಹೇಳಿಸಿದೆ. ತರಗತಿಯಲ್ಲಿ ಅವನು ಗಿಣಿಯಂತೆ ಹೇಳುತ್ತಿದ್ದ. ಕಾರ್ಯಕ್ರಮದ ಸಂಜೆ ರಟ್ಟಿನ ರೆಕ್ಕೆ, ತಲೆಗೆ ಬೆಳ್ಳಿ ಕಾಗದದ ಬಳೆ, ಮುಖಕ್ಕೆ ಬಣ್ಣ, ಎದುರಿಗೆ ಮುನ್ನೂರು ಜನ, ಕಣ್ಣಿಗೆ ಕುಕ್ಕುವ ದೀಪ. ಮೊದಲ ಶಬ್ದ "ಹೆದರಬೇಡಿರಿ" ಎಂದು. ಅದನ್ನು ಹೇಳುವಾಗ ಅವನ ತುಟಿ ನಡುಗಿ, ವೇದಿಕೆಯ ಮೇಲೆಯೇ ಚಡ್ಡಿ ಒದ್ದೆ ಮಾಡಿಕೊಂಡು, ಬಿಳಿ ಸಾಟಿನ್ ನಿಲುವಂಗಿಯನ್ನು ಎರಡು ಕೈಯಲ್ಲಿ ಹಿಡಿದು ನಿಂತ. ಜನ ನಕ್ಕರು, ಕೆಟ್ಟ ನಗುವಲ್ಲ, ಮುದ್ದಿನ ನಗುವೇ. ನಾನು ಪರದೆಯ ಮರೆಯಿಂದ ಎರಡನೆಯ ಸಾಲನ್ನು ಪಿಸುಗುಟ್ಟುತ್ತಿದ್ದೆ. ಹೋಗಿ ಎತ್ತಿಕೊಳ್ಳಬೇಕಿತ್ತು, ಎತ್ತಿಕೊಳ್ಳಲಿಲ್ಲ, ಸಾಲು ನೆನಪಿಸುತ್ತಿದ್ದೆ. ಕೊನೆಗೆ ಅವನ ತಾಯಿ ಎದ್ದು ಬಂದು ಎತ್ತಿಕೊಂಡು ಹೋದರು. ಹೆದರಬೇಡಿರಿ ಎಂಬ ಮಾತನ್ನು ಹೆದರಿಸಿ ಹೇಳಿಸಿದವಳು ನಾನು.

ಆಮೇಲೆ ನಾನು ವೇದಿಕೆಯ ಕಾರ್ಯಕ್ರಮ ಮಾಡಿಸಿಲ್ಲ. ಇಲ್ಲಿ ಡಿಸೆಂಬರಿನಲ್ಲಿ ಮಕ್ಕಳು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತಾರೆ. ಗದ್ದೆಯಿಂದ ಹುಲ್ಲು ತರುವವರು ಯಾರು, ದನವನ್ನು ಎಲ್ಲಿ ಕಟ್ಟಬೇಕು, ಹಸುಗೂಸಿಗೆ ಸೊಳ್ಳೆ ಕಚ್ಚದಂತೆ ಏನು ಮಾಡಬೇಕು ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಒಂದು ವರ್ಷ ಬೇತ್ಲೆಹೇಮಿನ ಕೂಸಿಗೆ ನಮ್ಮ ಮಕ್ಕಳು ಸೊಳ್ಳೆ ಪರದೆ ಕಟ್ಟಿದ್ದರು. ಹಳೆಯ ಮದುವೆ ಸೀರೆಯ ತುಣುಕು ಅದು. ಕಥೆ ತಲುಪಿದೆ ಎಂಬುದಕ್ಕೆ ನನಗೆ ಬೇರೆ ಪರೀಕ್ಷೆ ಬೇಕೆನಿಸಲಿಲ್ಲ.

ನಮ್ಮ ಸಭೆಯ ಸ್ತ್ರೀಯರು ನೂಲಿನ ಚೆಂಡುಗಳನ್ನು ಹೆಣೆದುಕೊಡುತ್ತಾರೆ: ಕೆಂಪು, ಹಳದಿ, ನೀಲಿ, ಹಸಿರು, ಕಿತ್ತಳೆ, ನೇರಳೆ ಎಂದು ಆರು ಬಣ್ಣ, ಪ್ರತಿಯೊಂದಕ್ಕೂ ಒಂದು ದಾರ. ಇದು ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ತನ್ನ ಮಕ್ಕಳಿಗೆ ಕೊಟ್ಟ ಮೊದಲ ಆಟಿಕೆಯೇ. ಪಾದ್ರಿಯೊಬ್ಬರ ಮಗನಾಗಿ 1782ರಲ್ಲಿ ಹುಟ್ಟಿ, ಒಂಬತ್ತು ತಿಂಗಳಿನಲ್ಲಿ ತಾಯಿಯನ್ನು ಕಳೆದುಕೊಂಡ ಈತ ತನ್ನ ಶಿಶುಶಾಲೆಗೆ 1840ರಲ್ಲಿ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟ. ಮಗು ಸಸಿಯಾದರೆ ಶಿಕ್ಷಕಿ ತೋಟಗಾರ್ತಿ. ದೇವರು, ನಿಸರ್ಗ, ಮಗು ಈ ಮೂರರ ಒಳಗೂ ಹರಿಯುವ ಏಕತೆಯನ್ನು ಕೈಯಾಟದಲ್ಲಿಯೇ ಮುಟ್ಟಿಸಬಹುದೆಂದು ನಂಬಿದ್ದ ಈತನ ಶಾಲೆಗಳನ್ನು ಪ್ರಷ್ಯಾ ಸರ್ಕಾರ 1851ರಲ್ಲಿ ನಿಷೇಧಿಸಿತು; ಕೊಟ್ಟ ಕಾರಣಗಳಲ್ಲೊಂದು ನಾಸ್ತಿಕತೆ. ಮರುವರ್ಷವೇ ಅವನು ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಬಾಯಿಪಾಠ ಮಾಡಿಸದವನಿಗೆ ಭಕ್ತಿಯಿಲ್ಲ ಎಂಬ ಅನುಮಾನ ಇಂದಿಗೂ ಕೆಲವು ಸಭೆಗಳಲ್ಲಿ ಇದೆ. ನಮ್ಮಲ್ಲಿಯೂ ಒಬ್ಬ ಹಿರಿಯರು "ಬಾಲವಾಡಿಯ ಮಕ್ಕಳಿಗೆ ಒಂದು ಕಂಠಪಾಠ ವಾಕ್ಯವೂ ಬರುವುದಿಲ್ಲವಲ್ಲಮ್ಮ" ಎಂದು ವರ್ಷಕ್ಕೊಮ್ಮೆ ನನ್ನನ್ನು ಕೇಳುತ್ತಾರೆ. ಫ್ರೋಬೆಲ್ಲನಿಗೂ ಮೊದಲು, ಆಲ್ಸೇಸ್ ಬೆಟ್ಟಗಳ ಬಡ ಹಳ್ಳಿಗಳಲ್ಲಿ ಸಭಾಪಾಲಕನಾಗಿದ್ದ ಓಬರ್ಲಿನ್ ಎಂಬವನು ಹೆಂಗಸರ ಸುತ್ತ ಚಿಕ್ಕ ಮಕ್ಕಳನ್ನು ಕೂರಿಸಿ, ನೂಲು ಹೆಣೆಯುತ್ತ, ಗಿಡಗಳ ಹೆಸರು ಹೇಳುತ್ತ, ಕಥೆ ಹೇಳುತ್ತ ಕಲಿಸುವ ಏರ್ಪಾಡು ಮಾಡಿದ್ದ. ನಮ್ಮ ಸ್ತ್ರೀಯರಿಗೆ ಈ ಹೆಸರುಗಳು ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಅವರು ಗುರುವಾರ ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಹೆಣೆಯುವಾಗ ಮಕ್ಕಳು ನೂಲಿನ ಉಂಡೆ ಹಿಡಿದು ಎದುರಿಗೆ ಕೂರುತ್ತಾರೆ, ಅಷ್ಟೇ.

ಈಗ ಊಟದ ಮುಂಚಿನ ಪ್ರಾರ್ಥನೆಗೆ ಬರುತ್ತೇನೆ. ಹತ್ತೂವರೆಗೆ ಮಕ್ಕಳು ಬುತ್ತಿ ಬಿಚ್ಚುತ್ತಾರೆ. ನೀರುದೋಸೆ, ಅವಲಕ್ಕಿ, ಇಡ್ಲಿ, ಕೆಲವರದು ಬ್ರೆಡ್ಡು. ಎಲ್ಲರ ಡಬ್ಬಿಯೂ ತೆರೆದಾದ ಮೇಲೆ, ಯಾರೂ ಮುಟ್ಟದೆ, ಒಂದು ಕ್ಷಣ ಸುಮ್ಮನೆ ಕುಳಿತು, ಈ ದಿನದ ಅಡುಗೆ ಮಾಡಿದವರ ಹೆಸರನ್ನು ಒಬ್ಬೊಬ್ಬರಾಗಿ ಹೇಳುತ್ತಾರೆ: ಅಮ್ಮ, ಅಜ್ಜಿ, ಮಾಮಿ, ಒಂದು ದಿನ "ಹೋಟೆಲಿನ ಅಣ್ಣ". ಆಮೇಲೆ ನಾನು "ದೇವರೇ, ಇವರಿಗೂ ಅನ್ನ ಕೊಡು" ಎನ್ನುತ್ತೇನೆ. ಇಷ್ಟೇ ಪ್ರಾರ್ಥನೆ. ಜೂನ್ ತಿಂಗಳಿನಲ್ಲಿ ಇದು ಸಾಧ್ಯವೇ ಇಲ್ಲ. ಮೂರನೆಯ ಹೆಸರು ಬರುವಷ್ಟರಲ್ಲಿ ಐದಾರು ಮಂದಿ ತಿಂದು ಮುಗಿಸಿರುತ್ತಾರೆ. ನಾನು ಗದರುವುದಿಲ್ಲ. ಆಗಸ್ಟಿಗೆ ಕೈ ಡಬ್ಬಿಯವರೆಗೆ ಹೋಗಿ ಹಿಂದೆ ಬರುತ್ತದೆ. ನವೆಂಬರಿಗೆ ಇಪ್ಪತ್ತೆರಡು ಹೆಸರು ಮುಗಿಯುವವರೆಗೆ ಕೈ ಮಡಿಲಲ್ಲಿರುತ್ತದೆ, ಕಣ್ಣು ಮಾತ್ರ ದೋಸೆಯ ಮೇಲೆ. ಬಯಕೆಯನ್ನು ಅರೆನಿಮಿಷ ತಡೆಹಿಡಿಯುವ, ತನ್ನ ಸರದಿಗೆ ಕಾಯುವ, ಬೇರೆಯವರ ಮಾತು ಕೇಳಿಸಿಕೊಂಡು ನೆನಪಿಟ್ಟುಕೊಳ್ಳುವ ಈ ಶಕ್ತಿಯ ಮೇಲೆಯೇ ಮುಂದಿನ ಓದು, ಲೆಕ್ಕ, ಗೆಳೆತನ ಎಲ್ಲವೂ ನಿಲ್ಲುತ್ತದೆಂದು ಶಿಶು ಮನೋವಿಜ್ಞಾನ ಹೇಳುತ್ತದೆ. ನಮಗೆ ಅದು ದೋಸೆಯ ಮುಂದೆ ಕಾಣಿಸಿತು.

ದೇವರನ್ನು ಕುರುಬನೆಂದು ಕರೆಯುವ, ಬೈಬಲಿನ ಇಪ್ಪತ್ತಮೂರನೆಯ ಕೀರ್ತನೆಯನ್ನು ಒಮ್ಮೆ ಅವರಿಗೆ ಓದಿದೆ, ಕಲಿಸಲಿಕ್ಕಲ್ಲ, ಕಿವಿಗೆ ಬೀಳಲಿ ಎಂದು. ಕುರುಬ ಎಂದರೆ ಯಾರು ಎಂದು ಆ ಎಣಿಕೆಯ ಹುಡುಗ ಕೇಳಿದ. "ಕುರಿ ಕಾಯುವವನು" ಎಂದೆ. ಅವನು ಯೋಚಿಸಿ, "ಕುರಿ ಎಲ್ಲಿಗೆ ಹೋಗಿದೆ?" ಎಂದು ಕೇಳಿದ. ಮೊದಲು ನನಗೆ ಅರ್ಥವಾಗಲಿಲ್ಲ. ಕಾಯುವುದೆಂದರೆ ಅವನ ಕನ್ನಡದಲ್ಲಿ ಒಂದೇ ಅರ್ಥ: ಬಸ್ಸಿಗೆ ಕಾಯುವುದು, ಸರದಿಗೆ ಕಾಯುವುದು, ಗೇಟಿನ ಬಳಿ ಅಜ್ಜಿಗೆ ಕಾಯುವುದು. ಕುರಿ ಇನ್ನೂ ಬಂದಿಲ್ಲ, ಅವನು ಕಾಯುತ್ತಿದ್ದಾನೆ. ನಾನು ಇನ್ನೊಂದು ಅರ್ಥವನ್ನು ವಿವರಿಸಲು ಹೊರಟು ಅರ್ಧಕ್ಕೆ ನಿಲ್ಲಿಸಿದೆ.

ಅವನ ಎಣಿಕೆ ಹನ್ನೊಂದರಿಂದ ಹತ್ತಕ್ಕೆ ಇಳಿಯಲು ದೀಪಾವಳಿಯಾಯಿತು. ನಡುವೆ ಒಂದು ಸಲ ಒಂಬತ್ತೂ ಆಗಿತ್ತು; ಈ ಸಲ ಬೆರಳು ನಾಲಿಗೆಗಿಂತ ಮುಂದೆ ಹೋಗಿತ್ತು. ನಾನು ಮಾಡಿದ್ದು ಒಂದೇ ಕೆಲಸ: ಕಡ್ಡಿಗಳಿಂದ ಒಂದು ಸಣ್ಣ ದೊಡ್ಡಿ ಮಾಡಿ, ಕುರಿಯನ್ನು ಒಳಗೆ ದಾಟಿಸಿದಾಗ ಮಾತ್ರ ಹೆಸರು ಹೇಳುವ ಆಟವಾಗಿಸಿದೆ. ದಾಟಿಸುವ ಕೈ ನಾಲಿಗೆಯನ್ನು ತಡೆಯಿತು. ಜನವರಿಯಲ್ಲಿ ಎಷ್ಟು ಕುರಿ ಎಂದು ಕೇಳಿದರೆ ಮತ್ತೆ ಎಣಿಸದೆ "ಹತ್ತು" ಎನ್ನುತ್ತಿದ್ದ, ಸ್ವಲ್ಪ ಬೇಸರದಿಂದ, ಇದೇನು ಕೇಳುವ ಪ್ರಶ್ನೆಯೇ ಎಂಬಂತೆ.

ಮಾರ್ಚ್ ಕೊನೆಯ ವಾರ ನಾನು ಆಟಿಕೆಗಳನ್ನು ಒರೆಸಿ ಕಟ್ಟಿಡುತ್ತಿದ್ದೆ. ಬುಟ್ಟಿಯ ಕುರಿಗಳನ್ನು ಚಾಪೆಯ ಮೇಲೆ ಹರಡಿದ್ದೆ. ಅವನು ಹತ್ತಿರ ಬಂದು ನಿಂತು, ಬೆರಳು ಚಾಚದೆ, ತುಟಿ ಅಲುಗಿಸದೆ ಒಮ್ಮೆ ಕಣ್ಣು ಹಾಯಿಸಿ, "ಒಂಜಿ ಇಜ್ಜಿ" ಎಂದ. ಒಂದು ಇಲ್ಲ. ನಾನು ಎಣಿಸಿ ನೋಡಿದೆ, ಒಂಬತ್ತೇ ಇದ್ದವು. ಎಲ್ಲಿ ಹೋಯಿತೋ ಎಂದು ಕಪಾಟಿನ ಕೆಳಗೆ ಬಗ್ಗಿ ಹುಡುಕತೊಡಗಿದಾಗ ಅವನು ನನ್ನ ಸೆರಗು ಎಳೆದು, "ಇಲ್ಲಡ್ ಉಂಡು, ಟೀಚರ್" ಎಂದ. ಮನೆಯಲ್ಲಿ ಇದೆಯಂತೆ.

ಮರುದಿನ ಅವನ ಅಜ್ಜಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವನ್ನು ತಂದು, ಕ್ಷಮೆ ಕೇಳುತ್ತ ನನ್ನ ಕೈಗಿತ್ತರು. ಬಿಚ್ಚಿ ನೋಡಿದರೆ ಕುರಿಯ ಒಂದು ಕಿವಿ ಮುರಿದಿತ್ತು, ಕೊರಳಿಗೆ ಕೆಂಪು ಉಲ್ಲನ್ನಿನ ದಾರ ಕಟ್ಟಿತ್ತು.